ಹಳೇ ಕಾರು ಒಂದು ಕಡೆಗೆ ಎಳೆಯುತ್ತದೆ, ಕೆಟ್ಟ ರಸ್ತೆಯಲ್ಲಿ ಓಲಾಡುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಲ್ಲಿ ಬಹಳ ಜನರ ದೂರು ಇದು. ನುಣುಪಾದ ಹೆದ್ದಾರಿಯಲ್ಲಿ ಕಾರು ಹೇಗೋ ನೇರ ಹೋಗುತ್ತದೆ, ಗುಂಡಿ ಬಿದ್ದ ರಸ್ತೆಗೆ ಇಳಿದ ಕೂಡಲೇ ಅತ್ತಿತ್ತ ಸರಿಯುತ್ತದೆ, ಸ್ಟೇರಿಂಗ್ ಕೈಗೆ ಬಡಿಯುತ್ತದೆ. ಇಲ್ಲಿನ ಉತ್ತರಗಳು ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವ ಸಣ್ಣ ಫ್ರಂಟ್ ವೀಲ್ ಡ್ರೈವ್ ಕಾರುಗಳನ್ನು, ಅಂದರೆ ಆಲ್ಟೊ, ಸ್ವಿಫ್ಟ್, ಐ10 ಮುಂತಾದವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬೊಲೆರೊ, ಓಮ್ನಿ ಇದ್ದವರಿಗೂ ಒಂದು ಪ್ರಶ್ನೆ ಇದೆ.

ಎಳೆಯುವುದು, ಓಲಾಡುವುದು ಎರಡೂ ಒಂದೇ ಅಲ್ಲವೇ?

ಅಲ್ಲ. ಈ ಎರಡನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸ್ಟೇರಿಂಗ್ ಸಡಿಲ ಹಿಡಿದಾಗ ಕಾರು ಪ್ರತಿ ಸಲವೂ ಒಂದೇ ಕಡೆಗೆ ಹೋದರೆ ಅದು ಎಳೆತ. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಏನೋ ವ್ಯತ್ಯಾಸ ಇದೆ ಎಂದು ಅದರ ಅರ್ಥ: ಗಾಳಿ, ಟೈರ್, ಬ್ರೇಕ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅಥವಾ ಕ್ಯಾಸ್ಟರ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ, ಪಕ್ಕದಿಂದ ನೋಡಿದಾಗ, ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ). ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಿ, ನೀವು ಬಿಡುವಿಲ್ಲದೆ ತಿದ್ದುತ್ತಲೇ ಇರಬೇಕಾದರೆ ಅದು ಓಲಾಟ. ಅಲ್ಲಿ ಯಾವುದೋ ಜಾಯಿಂಟ್ ಅಥವಾ ಬುಷ್ (ಕಬ್ಬಿಣದ ಭಾಗಗಳು ಸೇರುವಲ್ಲಿ ಕೂರುವ ರಬ್ಬರ್ ಉರುಳೆ) ಸಡಿಲವಾಗಿರುತ್ತದೆ, ಇಲ್ಲವೇ ಚಕ್ರ ಮೇಲೆ ಕೆಳಗೆ ಆಡಿದಾಗ ಅದರ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಬದಲಾಗುತ್ತಿರುತ್ತದೆ.

ಕೆಟ್ಟ ರಸ್ತೆಯಲ್ಲಿ ಮಾತ್ರ ತೊಂದರೆ ಕಾಣುತ್ತದೆ ಎಂದರೆ ಅನುಮಾನ ಮೊದಲು ಬುಷ್, ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನ ತೋಳಿಗೆ ಸೇರಿಸುವ ಗುಂಡಿನ ಕೀಲು), ರ್ಯಾಕ್ (ಸ್ಟೇರಿಂಗ್ ತಿರುಗಿಸಿದಾಗ ಅಕ್ಕಪಕ್ಕ ಸರಿದು ಚಕ್ರಗಳನ್ನು ತಿರುಗಿಸುವ ಅಡ್ಡ ದಂಡ) ಮತ್ತು ಶಾಕ್ ಅಬ್ಸಾರ್ಬರ್ ಮೇಲೆ ಹೋಗಬೇಕು. ಸಮ ರಸ್ತೆಯಲ್ಲಿ ಇವುಗಳ ಮೇಲೆ ಏರಿಳಿಯುವ ಒತ್ತಡವೇ ಬೀಳುವುದಿಲ್ಲ, ಹಾಗಾಗಿ ದೋಷ ಅಡಗಿ ಕೂರುತ್ತದೆ.

ಸೀದಾ ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುವುದಿಲ್ಲವೇ?

ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಅಲೈನ್‌ಮೆಂಟ್ ಎನ್ನುವುದು ಕಾರು ನಿಂತಾಗ ಚಕ್ರ ಎಷ್ಟು ಕೋನದಲ್ಲಿದೆ ಎಂಬ ಲೆಕ್ಕ. ಬುಷ್ ಹರಿದಿದ್ದರೆ ಯಂತ್ರದ ಮೇಲೆ ಎಲ್ಲವೂ ಹಸಿರು ತೋರಿಸಿ, ಅಂಗಡಿಯಿಂದ ಹೊರಬಂದು ಮೊದಲ ಗುಂಡಿ ಹಾರಿಸಿದ ಕೂಡಲೇ ಕೋನ ಬೇರೆಯಾಗುತ್ತದೆ. ಮೊದಲು ಸಡಿಲ ಇರುವುದನ್ನೆಲ್ಲ ಬದಲಿಸಿ, ಕಟ್ಟಕಡೆಗೆ ಅಲೈನ್‌ಮೆಂಟ್ ಮಾಡಿಸಿ. ಈ ಕ್ರಮ ತಪ್ಪಿಸಬೇಡಿ.

ದೋಷ ರಸ್ತೆಯದೋ ಕಾರಿನದೋ ಹೇಗೆ ತಿಳಿಯುವುದು?

ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರ ಮಾಡಿ ಎರಡೂ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಎಡಬದಿಯಲ್ಲಿ ಓಡಿಸುವುದರಿಂದ ಸರಿಯಾಗಿರುವ ಕಾರು ಕೂಡ ಮೆಲ್ಲಗೆ ಎಡಕ್ಕೆ ಜಾರುತ್ತದೆ. ಆದ್ದರಿಂದ ಅಗಲವಾದ, ಖಾಲಿ, ಸಮತಟ್ಟಾದ ಜಾಗದಲ್ಲಿ ಪರೀಕ್ಷಿಸಿ. ಅಲ್ಲೂ ಒಂದೇ ಕಡೆಗೆ ಎಳೆದರೆ ದೋಷ ಕಾರಿನಲ್ಲಿದೆ. ಸ್ಟೇರಿಂಗ್ ಪೂರ್ತಿ ಬಿಡುವ ಅಗತ್ಯವಿಲ್ಲ. ಎರಡು ಬೆರಳಿನಲ್ಲಿ ಹಗುರವಾಗಿ ಹಿಡಿದು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ ಸಾಕು.

ಬೆಂಗಳೂರಿನ ವೈಟ್‌ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಹಾಸಿದ) ರಸ್ತೆಗಳಲ್ಲಿ ಕಾಂಕ್ರೀಟಿಗೂ ಡಾಂಬರಿಗೂ ನಡುವೆ ಉದ್ದುದ್ದ ಅಂಚು ಇರುತ್ತದೆ. ಟೈರ್ ಅದಕ್ಕೆ ತಾಗಿದಾಗ ಕಾರು ಸ್ವಲ್ಪ ಎಳೆದಂತಾಗುವುದು ಸಹಜ. ಲಾರಿಗಳು ತುಳಿದು ಜಾಡು ಬಿದ್ದ ಡಾಂಬರು ರಸ್ತೆಯಲ್ಲೂ ಹಾಗೆಯೇ. ಅಗಲ ಟೈರ್ ಇದ್ದಷ್ಟೂ ಇದು ಹೆಚ್ಚು.

ಮೊದಲು ಏನು ನೋಡಬೇಕು?

ಗಾಳಿ. ಬೆಳಿಗ್ಗೆ ಕಾರು ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿ ಅಥವಾ ಮ್ಯಾನುಯಲ್‌ನಲ್ಲಿ ಇರುತ್ತದೆ. ಬಹುತೇಕ ಸಣ್ಣ ಕಾರುಗಳಿಗೆ 29ರಿಂದ 33 ಪಿಎಸ್‌ಐ. ಮುಂದಿನ ಎರಡು ಟೈರ್‌ಗಳ ನಡುವೆ 4–5 ಪಿಎಸ್‌ಐ ವ್ಯತ್ಯಾಸ ಇದ್ದರೂ ಕಾರು ಕಡಿಮೆ ಗಾಳಿ ಇರುವ ಕಡೆಗೆ ಎಳೆಯುತ್ತದೆ. ಬಂಕಿನ ಮೀಟರ್‌ಗಳು ಒಂದಕ್ಕೊಂದು ಹೊಂದುವುದಿಲ್ಲ, ನಿಮ್ಮದೇ ಒಂದು ಗೇಜ್ ಡ್ಯಾಶ್‌ಬೋರ್ಡ್‌ನಲ್ಲಿ ಇರಲಿ.

ಆಮೇಲೆ ಟೈರ್ ಮೈಮೇಲೆ ಅಂಗೈ ಸವರಿ ನೋಡಿ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪು, ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ಕೈಗೆ ಕಚ್ಚಿದರೆ, ಅಥವಾ ಅದರ ತಿರುವುಮುರುವಾದರೆ, ಟೋ ತಪ್ಪಿದೆ. ಒಂದು ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ಮೇಲೆ ಅನುಮಾನ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್. ಸೈಡ್‌ವಾಲ್‌ನಲ್ಲಿ ಉಬ್ಬು ಇದ್ದರೆ ಒಳಗಿನ ನೂಲು ಹರಿದಿದೆ ಎಂದರ್ಥ, ಆ ಟೈರ್ ಅಂದೇ ಬಿಚ್ಚಬೇಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಟ್ರೆಡ್ 1.6 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಾನೂನಿನ ಪ್ರಕಾರವೂ ಓಡಿಸುವಂತಿಲ್ಲ.

ಟೈರ್ ನೋಡಲು ಚೆನ್ನಾಗಿಯೇ ಇದೆ, ಆದರೂ ಅದೇ ಎಳೆಯುತ್ತಿರಬಹುದೇ?

ಖಂಡಿತ. ರೇಡಿಯಲ್ ಟೈರ್‌ನ ಒಳಗಿನ ಬೆಲ್ಟ್ ಒಂದು ಕಡೆಗೆ ಸ್ವಲ್ಪ ಸರಿದಿದ್ದರೆ ಹೊರಗೆ ಏನೂ ಕಾಣುವುದಿಲ್ಲ, ಟೈರ್ ಮಾತ್ರ ಒಂದು ಕಡೆಗೇ ಉರುಳಲು ನೋಡುತ್ತದೆ. ಪರೀಕ್ಷೆಗೆ ಖರ್ಚಿಲ್ಲ: ಮುಂದಿನ ಎಡ ಚಕ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನದು. ಅದೇ ದಿಕ್ಕಿಗೆ ಎಳೆದರೆ ಟೈರ್ ಬಿಟ್ಟು ಮುಂದಕ್ಕೆ ಹೋಗಿ. ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತು ಇರುವ ಟೈರ್‌ಗಳಿಗೆ ಈ ಅದಲುಬದಲು ಬೇಡ. ಅವನ್ನು ಅದೇ ಬದಿಯಲ್ಲಿ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ನೋಡಿ.

ಸಡಿಲ ಇರುವ ಭಾಗವನ್ನು ಮನೆಯ ಹತ್ತಿರವೇ ಹುಡುಕಬಹುದೇ?

ಹುಡುಕಬಹುದು. ಸಹಾಯಕ್ಕೆ ಒಬ್ಬರು, ಒಂದು ಟಾರ್ಚ್, ಅರ್ಧ ಮೀಟರ್ ಉದ್ದದ ಕಬ್ಬಿಣದ ಸಲಾಕೆ ಬೇಕು. ಕಾರಿನ ಜೊತೆ ಬಂದ ಜಾಕಿಯನ್ನು ನಂಬಿ ಅಡಿಗೆ ನುಗ್ಗಬೇಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟೇ ಕೆಲಸ ಮಾಡಿ.

ಮೊದಲು ಕಾರು ನೆಲದ ಮೇಲೆ ಇರುವಾಗಲೇ ಒಂದು ಪರೀಕ್ಷೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ ಎಂಜಿನ್ ಚಾಲೂ ಮಾಡಿ. ಸಹಾಯಕರು ಸ್ಟೇರಿಂಗನ್ನು ಗಡಿಯಾರದ ಹನ್ನೊಂದು ಗಂಟೆಯಿಂದ ಒಂದು ಗಂಟೆಯವರೆಗೆ ಬೇಗಬೇಗ ಆಡಿಸುತ್ತಿರಲಿ. ನೀವು ಚಕ್ರದ ಪಕ್ಕದಿಂದ ಕೈ ಹಾಕಿ ಟೈ ರಾಡ್ ಎಂಡ್ (ರ್ಯಾಕ್‌ನಿಂದ ಚಕ್ರಕ್ಕೆ ಬರುವ ಕಡ್ಡಿಯ ಹೊರತುದಿಯ ಜಾಯಿಂಟ್) ಮುಟ್ಟಿ. ಸವೆದ ಜಾಯಿಂಟ್ ‘ಟಕ್ ಟಕ್’ ಎಂದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗಿಂತ ಬೆರಳೇ ಇಲ್ಲಿ ಚುರುಕು. ಬಳಿಕ ರ್ಯಾಕ್‌ನ ರಬ್ಬರ್ ಬೂಟನ್ನು ಮೆಲ್ಲಗೆ ಹಿಂಡಿ ಒಳಗಿನ ರ್ಯಾಕ್ ಎಂಡ್ ಆಡುತ್ತಿದೆಯೇ ನೋಡಿ. ಇಡೀ ರ್ಯಾಕ್ ಅಕ್ಕಪಕ್ಕ ಸರಿಯುತ್ತಿದ್ದರೆ ಅದನ್ನು ಹಿಡಿದಿರುವ ಬುಷ್ ಹೋಗಿದೆ.

ಆಮೇಲೆ ಜಾಕಿ ಎತ್ತಿ ಚಕ್ರ ನೇತಾಡಲಿ. ಚಕ್ರದ ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಸಹಾಯಕರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ: ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಕೂಡಿದ ಕಂಬ). ಎಡಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಅಥವಾ ರ್ಯಾಕ್ ಎಂಡ್. ಕೊನೆಗೆ ಸಲಾಕೆಯನ್ನು ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಮತ್ತು ನಕಲ್ (ಚಕ್ರದ ಬೇರಿಂಗ್ ಕೂರುವ ಕಬ್ಬಿಣದ ತುಂಡು) ನಡುವೆ ಕೊಟ್ಟು ಮೀಟಿ. ಮ್ಯಾಕ್‌ಫರ್ಸನ್ ಸ್ಟ್ರಟ್ ಕಾರುಗಳಲ್ಲಿ ಭಾರ ಹೊರುವುದು ಸ್ಟ್ರಟ್, ಬಾಲ್ ಜಾಯಿಂಟ್ ಅಲ್ಲ. ಆದ್ದರಿಂದ ಚಕ್ರ ನೇತಾಡುವಾಗ ಬಾಲ್ ಜಾಯಿಂಟ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಅದು ಸವೆದದ್ದೇ.

ಲೋಯರ್ ಆರ್ಮ್ ಬುಷ್ ಹೋದದ್ದು ಹೇಗೆ ಗೊತ್ತಾಗುತ್ತದೆ?

ಸ್ವಿಫ್ಟ್, ಐ10 ತರಹದ ಕಾರುಗಳಲ್ಲಿ ಲೋಯರ್ ಆರ್ಮ್ ‘ಎಲ್’ ಆಕಾರದಲ್ಲಿದ್ದು ಒಳಬದಿಯಲ್ಲಿ ಎರಡು ಬುಷ್ ಇರುತ್ತವೆ. ಮುಂದಿನ ಸಣ್ಣ ಬುಷ್ ಅಡ್ಡ ಬಲ ತಡೆಯುತ್ತದೆ. ಹಿಂದಿನ ದೊಡ್ಡ ಬುಷ್ ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತದೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಪೂರಾ ಪೆಟ್ಟು ತಿನ್ನುವುದು ಈ ಹಿಂದಿನ ಬುಷ್. ಅದು ಹರಿದರೆ ಪ್ರತಿ ಗುಂಡಿಗೂ ಆ ಬದಿಯ ಚಕ್ರ ಕೆಲವು ಮಿ.ಮೀ. ಹಿಂದಕ್ಕೆ ಹೋಗಿ ಬರುತ್ತದೆ, ಕ್ಯಾಸ್ಟರ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಕಾರು ಓಲಾಡುತ್ತದೆ. ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುವುದು, ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದ ಕೂಡಲೇ ಮೂತಿ ಇನ್ನೊಂದು ಕಡೆ ತಿರುಗಿದಂತಾಗುವುದು, ಹಂಪ್ ಇಳಿಯುವಾಗ ‘ಗುಡ್’ ಎಂಬ ದಪ್ಪ ಸದ್ದು: ಮೂರೂ ಒಟ್ಟಿಗೆ ಇದ್ದರೆ ಇದೇ ಬುಷ್ ಎಂದು ಮುಕ್ಕಾಲು ಪಾಲು ಖಚಿತ.

ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಹೆದರಬೇಕಿಲ್ಲ, ವಯಸ್ಸಾದ ರಬ್ಬರ್ ಹಾಗೇ ಕಾಣುತ್ತದೆ. ಸಲಾಕೆಯಿಂದ ಮೀಟಿದಾಗ ಬಿರುಕು ಬಾಯಿ ತೆರೆದು ಆಚೆ ಬದಿ ಕಂಡರೆ, ಅಥವಾ ಒಳಗಿನ ಕಬ್ಬಿಣದ ಕೊಳವೆ ನಡುವಿನಿಂದ ಒಂದು ಬದಿಗೆ ಸರಿದಿದ್ದರೆ ಬದಲಿಸಲೇಬೇಕು.

ಬುಷ್ ಮಾತ್ರ ಪ್ರೆಸ್ ಮಾಡಿಸುವುದೋ, ಆರ್ಮ್ ಇಡಿಯಾಗಿ ಬದಲಿಸುವುದೋ? ಹಲವು ಕಾರುಗಳಲ್ಲಿ ಬಾಲ್ ಜಾಯಿಂಟ್ ಆರ್ಮ್ ಜೊತೆಗೇ ಕೂಡಿ ಬರುತ್ತದೆ. ಅದೂ ಹಳೆಯದಾಗಿದ್ದರೆ ಇಡೀ ಆರ್ಮ್ ಹಾಕಿಸುವುದು ಕೊನೆಗೆ ಅಗ್ಗ. ಬಾಲ್ ಜಾಯಿಂಟ್ ಬಿಗಿಯಾಗಿದ್ದು ಬುಷ್ ಮಾತ್ರ ಹರಿದಿದ್ದರೆ ಪ್ರೆಸ್ ಮಾಡಿಸಿ, ಆದರೆ ಹಳೇ ಬುಷ್ ಯಾವ ದಿಕ್ಕಿಗೆ ಕೂತಿತ್ತು ಎಂದು ಮೊದಲೇ ಗುರುತು ಹಾಕಿಸಿ. ಹಿಂದಿನ ಬುಷ್‌ನಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ, ಅದು ತಿರುಗಿ ಕೂತರೆ ಹೊಸ ಬುಷ್ ಕೂಡ ಹಳೆಯದರಂತೆಯೇ ಆಡುತ್ತದೆ. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ.

ನನ್ನದು ಆಲ್ಟೊ (ಅಥವಾ 800, ಹಳೇ ಜೆನ್). ಅದರಲ್ಲಿ ಎಲ್ ಆಕಾರದ ಆರ್ಮ್ ಇಲ್ಲವಲ್ಲ?

ಸರಿ, ಇಲ್ಲ. ಈ ಕಾರುಗಳಲ್ಲಿ ಲೋಯರ್ ಆರ್ಮ್ ಒಂದು ನೇರ ತುಂಡು, ಒಳಬದಿಯಲ್ಲಿ ಒಂದೇ ಬುಷ್. ಚಕ್ರವನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು ಮುಂದಿನಿಂದ ಬಂದು ಆರ್ಮ್‌ನೊಳಗೆ ತೂರುವ ಸ್ಟೆಬಿಲೈಜರ್ ಬಾರ್. ಬೇರೆ ಕಾರುಗಳಲ್ಲಿ ಈ ಬಾರ್ ತಿರುವಿನಲ್ಲಿ ವಾಲುವುದನ್ನು ಮಾತ್ರ ತಡೆಯುತ್ತದೆ. ಇಲ್ಲಿ ಕ್ಯಾಸ್ಟರ್ ಕೋನವೇ ಅದರ ಕೈಯಲ್ಲಿದೆ. ಇದನ್ನು ತಿಳಿಯದೆ ಟೈ ರಾಡ್, ರ್ಯಾಕ್ ಎಂದು ಒಂದಾದ ಮೇಲೊಂದು ಬದಲಿಸುತ್ತ ಹೋದ ಆಲ್ಟೊಗಳು ಎಷ್ಟೋ ಇವೆ.

ನೋಡಬೇಕಾದದ್ದು ನಾಲ್ಕು ಜಾಗ: ಬಾರ್‌ನ ಎರಡು ತುದಿ ಆರ್ಮ್‌ಗೆ ಸೇರುವಲ್ಲಿನ ಬುಷ್, ಮತ್ತು ಬಾರನ್ನು ಕಾರಿನ ಮೈಗೆ ಹಿಡಿದಿರುವ ಎರಡು ಬ್ರ್ಯಾಕೆಟ್ ಬುಷ್. ಸಹಾಯಕರು ಕಾರನ್ನು ಮೊದಲ ಗೇರ್‌ನಲ್ಲಿ ಅಂಗುಲ ಅಂಗುಲ ಮುಂದೆ ಬಿಟ್ಟು ಬ್ರೇಕ್ ಹಾಕುತ್ತಿರಲಿ, ನೀವು ದೂರದಲ್ಲಿ, ಪಕ್ಕಕ್ಕೆ ನಿಂತು ಚಕ್ರ ಮತ್ತು ಮಡ್‌ಗಾರ್ಡ್ ನಡುವಿನ ಸಂದು ನೋಡಿ. ಬ್ರೇಕ್ ಹಾಕಿದಾಗ ಒಂದು ಬದಿಯ ಚಕ್ರ ಮಾತ್ರ ಎದ್ದು ಕಾಣುವಂತೆ ಹಿಂದಕ್ಕೆ ಸರಿದರೆ ಆ ಬದಿಯ ತುದಿ ಬುಷ್ ಹೋಗಿದೆ. ಚಕ್ರ ಹಿಂದೆ ಸರಿದಾಗ ಆ ಬದಿಯ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಕಾರು ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ.

ಬದಲಿಸುವಾಗ ತುದಿಯ ವಾಷರ್‌ಗಳು ಯಾವ ಮುಖಕ್ಕೆ ಇದ್ದವೋ ಹಾಗೇ ಕೂರಬೇಕು. ಕ್ಯಾಸಲ್ ನಟ್‌ಗೆ ಹೊಸ ಸ್ಪ್ಲಿಟ್ ಪಿನ್ ಹಾಕಿಸಿ, ಹಳೆಯದನ್ನು ನೇರ ಮಾಡಿ ತುರುಕಲು ಬಿಡಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎರಡು ಮೂರು ದರ್ಜೆಯ ಬುಷ್ ಸಿಗುತ್ತವೆ. ಉಗುರಿನಿಂದ ಒತ್ತಿದರೆ ಸುಲಭವಾಗಿ ಕುಳಿ ಬೀಳುವಷ್ಟು ಮೆತ್ತಗಿರುವುದನ್ನು ಬಿಡಿ.

ಹೊಸ ಬುಷ್ ಹಾಕಿಸಿ ಕೆಲವೇ ತಿಂಗಳಲ್ಲಿ ಮತ್ತೆ ಹರಿಯಿತು. ಮಾಲು ಕಳಪೆಯೇ?

ಕಳಪೆ ಇರಬಹುದು, ಆದರೆ ಹೆಚ್ಚಿನ ಸಲ ತಪ್ಪು ಕೂರಿಸಿದ ರೀತಿಯಲ್ಲಿರುತ್ತದೆ. ಲೋಯರ್ ಆರ್ಮ್ ಬುಷ್‌ನಲ್ಲಿ ರಬ್ಬರ್ ಒಳಕೊಳವೆಗೂ ಹೊರಕೊಳವೆಗೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಲಿಫ್ಟ್ ಮೇಲೆ ಇದ್ದು ಚಕ್ರ ನೇತಾಡುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ಉಳಿಯುತ್ತದೆ. ಮೇಲಿಂದ ಗುಂಡಿಗಳ ಪೆಟ್ಟು ಬಿದ್ದರೆ ಬೇಗ ಹರಿಯುತ್ತದೆ.

ಸರಿಯಾದ ವಿಧಾನ ಹೀಗೆ: ಬೋಲ್ಟ್‌ಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ. ಚಕ್ರ ಹಾಕಿ ಕಾರನ್ನು ನೆಲಕ್ಕೆ ಇಳಿಸಿ, ಮುಂಭಾಗವನ್ನು ಎರಡು ಮೂರು ಸಲ ಒತ್ತಿ ಬಿಡಿ. ಚಕ್ರ ಕಾರಿನ ಭಾರ ಹೊತ್ತಿರುವಾಗಲೇ, ಪಿಟ್ ಮೇಲೆ ಅಥವಾ ರ್ಯಾಂಪ್ ಮೇಲೆ ನಿಲ್ಲಿಸಿ, ಟಾರ್ಕ್ ವ್ರೆಂಚ್‌ನಿಂದ ಮ್ಯಾನುಯಲ್ ಹೇಳಿದಷ್ಟು ಬಿಗಿಯಿರಿ. ಪಿಟ್ ಇಲ್ಲದಿದ್ದರೆ ಬಾಲ್ ಜಾಯಿಂಟ್ ಕೆಳಗೆ ಜಾಕಿ ಕೊಟ್ಟು ಆರ್ಮನ್ನು ಭಾರ ಹೊತ್ತ ಎತ್ತರಕ್ಕೆ ತಂದು ಬಿಗಿಯಬಹುದು. ಮೆಕ್ಯಾನಿಕ್‌ಗೆ ಕೆಲಸ ಶುರುವಾಗುವ ಮೊದಲೇ ಇದನ್ನು ಹೇಳಿ. ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಗುಂಡಿಗೆ ಇಳಿದಾಗಲೆಲ್ಲ ಸ್ಟೇರಿಂಗ್ ತಾನಾಗಿಯೇ ತಿರುಗುತ್ತದೆ. ಯಾಕೆ?

ಚಕ್ರ ಮೇಲೆ ಕೆಳಗೆ ಹೋಗುವಾಗ ಲೋಯರ್ ಆರ್ಮ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ಟೈ ರಾಡ್ ಇನ್ನೊಂದರಲ್ಲಿ. ಎರಡೂ ಹೊಂದಿಕೊಳ್ಳುವಂತೆ ಕಂಪನಿ ಅಳತೆ ಇಟ್ಟಿರುತ್ತದೆ. ರ್ಯಾಕ್ ಒಂದು ಬದಿಗೆ ತಗ್ಗಿದರೆ, ಆರ್ಮ್ ಬಾಗಿದರೆ, ಅಥವಾ ಕಾರಿನ ಎತ್ತರ ಬದಲಾದರೆ ಈ ಹೊಂದಿಕೆ ತಪ್ಪುತ್ತದೆ. ಆಗ ಪ್ರತಿ ಏರಿಳಿತಕ್ಕೂ ಚಕ್ರದ ಟೋ ಬದಲಾಗಿ ಕಾರು ತನ್ನಷ್ಟಕ್ಕೆ ತಿರುಗಲು ನೋಡುತ್ತದೆ.

ಪರೀಕ್ಷೆ ಸುಲಭ. ಸಮನೆಲದಲ್ಲಿ ಸ್ಟೇರಿಂಗ್ ನೇರ ಇಟ್ಟು, ಕಾರಿನ ಮುಂದೆ ಕೂತು ಎರಡೂ ಟೈರ್‌ಗಳ ಮುಂಭಾಗ ನೋಡಿ. ಇಬ್ಬರು ಬಾನೆಟ್‌ನ ಅಂಚಿನ ಹತ್ತಿರ ಗಟ್ಟಿ ಜಾಗದಲ್ಲಿ ಒತ್ತಿ ಬಿಡಲಿ. ಎರಡೂ ಚಕ್ರ ಒಂದೇ ತರಹ ತುಸು ಆಡಿದರೆ ಸರಿ. ಒಂದು ಮಾತ್ರ ಒಳಕ್ಕೋ ಹೊರಕ್ಕೋ ತಿರುಗಿದರೆ, ಅಥವಾ ಒಳಗೆ ಸ್ಟೇರಿಂಗ್ ಚಕ್ರವೇ ಅಲುಗಿದರೆ, ಆ ಬದಿಯ ರ್ಯಾಕ್ ಬುಷ್, ಟೈ ರಾಡ್, ಲೋಯರ್ ಆರ್ಮ್ ಬಿಚ್ಚಿ ನೋಡಬೇಕು.

ರ್ಯಾಕ್ ಸಡಿಲ ಎಂದು ಅದರ ಅಡ್ಜಸ್ಟರ್ ಬಿಗಿಸುವವರಿದ್ದಾರೆ. ರ್ಯಾಕ್ ನಡುವಿನಲ್ಲಿ ಮಾತ್ರ ಸವೆದಿರುವುದರಿಂದ ಅಲ್ಲಿಗೆ ಸರಿಹೊಂದುವಂತೆ ಬಿಗಿಸಿದರೆ ಪೂರ್ತಿ ತಿರುಗಿಸಿದಾಗ ಅದು ಹಿಡಿದುಕೊಳ್ಳುತ್ತದೆ, ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಹೊರಗಿನ ಜಾಯಿಂಟ್‌ಗಳೆಲ್ಲ ಬಿಗಿ ಇವೆ ಎಂದು ಖಚಿತವಾಗುವವರೆಗೆ ಅದನ್ನು ಮುಟ್ಟಲು ಬಿಡಬೇಡಿ.

ಹಿಂದಿನ ಮಾಲೀಕರು ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿಸಿದ್ದಾರೆ. ತೆಗೆಯಬೇಕೇ?

ಮುಂದಿನ ಸ್ಪ್ರಿಂಗ್‌ನಲ್ಲಿದ್ದರೆ ತೆಗೆಸಿ. ಬಫರ್ ಕಾರಿನ ಮೂತಿ ಎತ್ತುತ್ತದೆ, ಆರ್ಮ್ ಮತ್ತು ಟೈ ರಾಡ್‌ನ ಇಳಿಜಾರು ಹೆಚ್ಚುತ್ತದೆ, ಮೇಲೆ ಹೇಳಿದ ಹೊಂದಿಕೆ ತಪ್ಪುತ್ತದೆ. ಸ್ಪ್ರಿಂಗ್ ಗಡುಸಾಗುವುದರಿಂದ ಚಕ್ರ ಗುಂಡಿಯ ಅಂಚಿನಲ್ಲಿ ನೆಲ ಬಿಟ್ಟು ಹಾರುತ್ತದೆ ಕೂಡ. ಎಡದಲ್ಲಿ ಮಾತ್ರ ಅಥವಾ ಬಲದಲ್ಲಿ ಮಾತ್ರ ಹಾಕಿದ್ದರೆ ಓಲಾಟಕ್ಕೆ ಬೇರೆ ಕಾರಣ ಹುಡುಕುವ ಮೊದಲು ಅದನ್ನೇ ತೆಗೆಸಿ. ಸ್ಪ್ರಿಂಗ್ ಕುಸಿದಿದೆಯೆಂದೇ ಬಫರ್ ಹಾಕಿದ್ದರೆ ಮದ್ದು ಹೊಸ ಸ್ಪ್ರಿಂಗ್ ಜೋಡಿ.

ಅಗಲ ಟೈರ್, ಅಲಾಯ್ ಚಕ್ರ ಇದ್ದರೆ?

ಕಂಪನಿಯದಕ್ಕಿಂತ ಅಗಲವಾದ, ಹೊರಕ್ಕೆ ಚಾಚಿದ ಅಲಾಯ್ ಹಾಕಿದರೆ ಟೈರ್‌ನ ನಡುಗೆರೆ ಸ್ಟೇರಿಂಗ್ ತಿರುಗುವ ಅಕ್ಷದಿಂದ ದೂರ ಹೋಗುತ್ತದೆ. ಗುಂಡಿಯ ಪ್ರತಿ ಪೆಟ್ಟೂ ಸಲಾಕೆಯಿಂದ ಮೀಟಿದಂತೆ ಹೆಚ್ಚು ಜೋರಾಗಿ ಸ್ಟೇರಿಂಗ್‌ಗೆ ತಲುಪುತ್ತದೆ. ಸ್ಪೇಸರ್ ಹಾಕಿದರೂ ಇದೇ ಗತಿ. ಪರೀಕ್ಷೆಗೆ ಯಾರಿಂದಲಾದರೂ ಕಂಪನಿ ಅಳತೆಯ ನಾಲ್ಕು ಚಕ್ರ ಪಡೆದು ಅದೇ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಉತ್ತರ ಸಿಗುತ್ತದೆ.

ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಎಳೆಯುತ್ತದೆಯೇ?

ಎಳೆಯುವುದು ಅಪರೂಪ, ಓಲಾಡಿಸುವುದು ಖಚಿತ. ಬಂಪರ್ ಒತ್ತಿ ಬಿಟ್ಟಾಗ ಕಾರು ಎರಡಕ್ಕಿಂತ ಹೆಚ್ಚು ಸಲ ಕುಣಿದರೆ ಶಾಕ್ ಸತ್ತಿದೆ. ಕುಣಿಯದಿದ್ದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ, ಅರ್ಧ ಸತ್ತದ್ದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಡಸ್ಟ್ ಬೂಟ್ ಎತ್ತಿ ರಾಡ್ ಬುಡದಲ್ಲಿ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದೆಯೇ ನೋಡಿ. ಬದಲಿಸಿದರೆ ಮುಂದಿನ ಜೋಡಿ ಅಥವಾ ಹಿಂದಿನ ಜೋಡಿ ಒಟ್ಟಿಗೆ. ಸ್ಟ್ರಟ್‌ನ ನಡುವಿನ ಮೇಲಿನ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಯಾವ ಕಾರಣಕ್ಕೂ ಬಿಚ್ಚಬೇಡಿ. ಒತ್ತಿಕೊಂಡಿರುವ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ.

ಎಡಕ್ಕೆ ತಿರುಗಿದ ಮೇಲೆ ಎಡಕ್ಕೇ, ಬಲಕ್ಕೆ ತಿರುಗಿದ ಮೇಲೆ ಬಲಕ್ಕೇ ಎಳೆಯುತ್ತದೆ. ಇದ್ಯಾವ ಕಾಯಿಲೆ?

ಎಲ್ಲೋ ಬಿಗಿ ಹಿಡಿದಿದೆ. ಸ್ಟ್ರಟ್ ಮೌಂಟ್ ಬೇರಿಂಗ್ ತುಕ್ಕು ಹಿಡಿದಿರಬಹುದು. ಸಹಾಯಕರು ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಮೇಲೆ ಹಗುರವಾಗಿ ಕೈಯಿಡಿ: ಸ್ಪ್ರಿಂಗ್ ಜೊತೆಗೆ ತಿರುಗದೆ ತಡೆದು ‘ಟಂಗ್’ ಎಂದು ಜಿಗಿದರೆ ಬೇರಿಂಗೇ ಕಾರಣ. ಬೆರಳು ಸ್ಪ್ರಿಂಗ್ ಸುತ್ತುಗಳ ನಡುವೆ ಹೋಗದಂತೆ ಎಚ್ಚರ. ಒಣಗಿದ ಬಾಲ್ ಜಾಯಿಂಟ್, ತುಕ್ಕು ಹಿಡಿದ ಸ್ಟೇರಿಂಗ್ ಕಾಲಂ ಜಾಯಿಂಟ್ ಕೂಡ ಹೀಗೇ ಮಾಡುತ್ತವೆ.

ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇರುವ ಕಾರಿನಲ್ಲಿ ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎಂಜಿನ್ ಚಾಲೂ ಮಾಡಿ. ಯಾರೂ ಮುಟ್ಟದೆ ಸ್ಟೇರಿಂಗ್ ಒಂದು ಕಡೆಗೆ ತಿರುಗತೊಡಗಿದರೆ ಟಾರ್ಕ್ ಸೆನ್ಸರ್‌ನ ಸೊನ್ನೆ ತಪ್ಪಿದೆ, ಸ್ಕ್ಯಾನರ್ ಹಾಕಿ ಸರಿಮಾಡಿಸಬೇಕು. ಬುಷ್ ಬದಲಿಸಿ ಇದು ಹೋಗುವುದಿಲ್ಲ.

ಬ್ರೇಕ್ ಹಾಕದಿದ್ದರೂ ಬ್ರೇಕ್‌ನಿಂದ ಎಳೆಯಬಹುದೇ?

ಹೌದು. ಹತ್ತು ಕಿ.ಮೀ. ಓಡಿಸಿ, ಆದಷ್ಟೂ ಬ್ರೇಕ್ ಬಳಸದೆ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಒಯ್ಯಿರಿ, ಮುಟ್ಟಬೇಡಿ. ಒಂದು ಮುಂದಿನ ಚಕ್ರ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಜಾಕಿ ಎತ್ತಿ ಆ ಚಕ್ರ ತಿರುಗಿಸಿ, ಬಿಗಿ ಇದ್ದರೆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಹಗುರವಾದರೆ ಒತ್ತಡ ಹಿಂದಿರುಗುತ್ತಿಲ್ಲ, ಒಳಗೆ ಊದಿಕೊಂಡ ಬ್ರೇಕ್ ಹೋಸ್ ಮೊದಲ ಅನುಮಾನ. ಹಗುರವಾಗದಿದ್ದರೆ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಕಚ್ಚಿದೆ. ಪಿನ್‌ಗೆ ಸಿಲಿಕಾನ್ ಬ್ರೇಕ್ ಗ್ರೀಸ್ ಮಾತ್ರ ಹಚ್ಚಿ. ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಊದಿ ಪಿನ್ ಮತ್ತೆ ಕಚ್ಚುತ್ತದೆ.

ಮುಂದೆ ಎಲ್ಲ ಸರಿ ಇದೆ. ಹಿಂದಿನ ಚಕ್ರದಿಂದ ಹೀಗಾಗುವುದುಂಟೇ?

ಉಂಟು, ಮತ್ತು ಇದನ್ನು ನೋಡುವವರು ಕಡಿಮೆ. ಸ್ವಿಫ್ಟ್ ಮುಂತಾದವುಗಳ ಹಿಂದಿನ ಟಾರ್ಷನ್ ಬೀಮ್ (ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಅಡ್ಡ ತೊಲೆ) ಎರಡು ದೊಡ್ಡ ಬುಷ್‌ಗಳ ಮೇಲೆ ನಿಂತಿದೆ. ಒಂದು ಹರಿದರೆ ಇಡೀ ಬೀಮ್ ಓರೆಯಾಗಿ ಹಿಂಭಾಗವೇ ಕಾರನ್ನು ತಿರುಗಿಸುತ್ತದೆ. ಆಲ್ಟೊದಲ್ಲಿ ಹಿಂದಿನ ಆಕ್ಸಲ್ ಅಡ್ಡ ಸರಿಯದಂತೆ ಒಂದು ಅಡ್ಡ ರಾಡ್ ಇದೆ, ಅದರ ಎರಡು ತುದಿಯ ಬುಷ್ ಸಡಿಲವಾದರೆ ಗುಂಡಿ ಹಾರಿದಾಗ ಹಿಂಭಾಗ ಪಕ್ಕಕ್ಕೆ ಒದ್ದಂತಾಗುತ್ತದೆ. ಲಕ್ಷಣ ಗುರುತಿಸುವುದು ಹೀಗೆ: ಮುಂದಿನ ದೋಷ ಸ್ಟೇರಿಂಗ್ ಮೂಲಕ ಕೈಗೆ ತಿಳಿಯುತ್ತದೆ, ಹಿಂದಿನದು ಸೀಟಿನ ಮೂಲಕ ಸೊಂಟಕ್ಕೆ.

ನೆಲಕ್ಕೆ ನೀರು ಸುರಿದು ಅದರ ಮೇಲೆ ನೇರವಾಗಿ ಹತ್ತಿಪ್ಪತ್ತು ಅಡಿ ಓಡಿಸಿ ಗುರುತು ನೋಡಿ. ಹಿಂದಿನ ಚಕ್ರದ ಗುರುತು ಮುಂದಿನದರ ಎರಡೂ ಬದಿಯಲ್ಲಿ ಸಮನಾಗಿ ಬೀಳಬೇಕು. ಒಂದೇ ಕಡೆಗೆ ಜರುಗಿದ್ದರೆ ಕಾರು ಓರೆಯಾಗಿ ಓಡುತ್ತಿದೆ.

ಅಪಘಾತವಾದ ಕಾರು ಎಂದು ಹೇಗೆ ತಿಳಿಯುವುದು?

ಎಡಬದಿಯ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪ್ ಹಿಡಿದು ಅಳೆಯಿರಿ, ಬಲಬದಿಯಲ್ಲೂ ಅಳೆಯಿರಿ. ಸ್ಟೇರಿಂಗ್ ನೇರ ಇರಲಿ. 10 ಮಿ.ಮೀ. ಮೀರಿದ ವ್ಯತ್ಯಾಸ ಇದ್ದರೆ ಏನೋ ಸರಿದಿದೆ ಅಥವಾ ಬಾಗಿದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಎಸ್‌ಎಐ (ಮುಂದಿನಿಂದ ನೋಡಿದಾಗ ಸ್ಟೇರಿಂಗ್ ಅಕ್ಷ ಒಳಕ್ಕೆ ವಾಲಿರುವ ಕೋನ) ಮತ್ತು ಇನ್‌ಕ್ಲೂಡೆಡ್ ಆ್ಯಂಗಲ್ (ಎಸ್‌ಎಐ, ಕ್ಯಾಂಬರ್ ಎರಡನ್ನೂ ಕೂಡಿದ್ದು) ಕೂಡ ತೆಗೆಸಿ. ಕ್ಯಾಂಬರ್ ತಪ್ಪಿದ್ದು ಇನ್‌ಕ್ಲೂಡೆಡ್ ಆ್ಯಂಗಲ್ ಎಡಬಲ ಬೇರೆಯಾಗಿದ್ದರೆ ಸ್ಟ್ರಟ್ ಅಥವಾ ನಕಲ್ ಬಾಗಿದೆ, ಬಿಡಿಭಾಗ ಬದಲಿಸಿ ಗೆಲ್ಲಬಹುದು. ಇನ್‌ಕ್ಲೂಡೆಡ್ ಆ್ಯಂಗಲ್ ಎರಡೂ ಕಡೆ ಸಮನಾಗಿದ್ದೂ ಕ್ಯಾಂಬರ್ ತಪ್ಪಿದ್ದರೆ ಸಬ್‌ಫ್ರೇಮ್ (ಲೋಯರ್ ಆರ್ಮ್‌ಗಳನ್ನು ಹಿಡಿದಿರುವ ಚೌಕಟ್ಟು) ಸರಿದಿದೆ ಅಥವಾ ಸ್ಟ್ರಟ್ ಕೂರುವ ಬಾಡಿಯ ಭಾಗ ಒಳಸರಿದಿದೆ. ಸಬ್‌ಫ್ರೇಮ್ ಮಾತ್ರವಾದರೆ ಬೋಲ್ಟ್ ಸಡಿಲಿಸಿ ಜಾಗಕ್ಕೆ ತರಬಹುದು. ಬಾಡಿ ಒಳಸರಿದ ಕಾರನ್ನು ಇನ್ನೂ ಕೊಂಡಿಲ್ಲದಿದ್ದರೆ ಬಿಟ್ಟುಬಿಡಿ.

ಅಲೈನ್‌ಮೆಂಟ್ ಅಂಗಡಿಯಲ್ಲಿ ಏನು ಕೇಳಬೇಕು?

ನಾಲ್ಕೂ ಚಕ್ರದ ಅಳತೆ, ಮತ್ತು ಕೆಲಸಕ್ಕೆ ಮೊದಲಿನದು ಹಾಗೂ ನಂತರದ್ದು ಎರಡೂ ಇರುವ ಪ್ರಿಂಟ್. ಕೆಲಸ ನಡೆಯುವಾಗ ನಿಂತು ನೋಡಿ. ಚಕ್ರಕ್ಕೆ ಫಲಕ ಕಟ್ಟಿದ ಮೇಲೆ ಕಾರನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಬೇಕು, ರಿಮ್‌ನ ಸೊಟ್ಟವನ್ನು ಯಂತ್ರ ಕಳೆಯುವುದು ಆಗಲೇ. ಕ್ಯಾಸ್ಟರ್ ಅಳೆಯಲು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ತಿರುಗಿಸದಿದ್ದರೆ ಕ್ಯಾಸ್ಟರ್ ಅಳೆದೇ ಇಲ್ಲ.

ಬಹುತೇಕ ಸಣ್ಣ ಕಾರುಗಳಲ್ಲಿ ಅಂಗಡಿಯವರು ತಿದ್ದಬಹುದಾದದ್ದು ಮುಂದಿನ ಟೋ ಒಂದೇ. ಅದು ಸೊನ್ನೆಯ ಆಸುಪಾಸಿನಲ್ಲಿ, ನಿಮ್ಮ ಮಾಡೆಲ್‌ನ ಮಿತಿಯೊಳಗೆ, ಎಡಬಲ ಸಮನಾಗಿ ಇರಬೇಕು. ಟೋ ಹೊರಮುಖವಾದರೆ ಓಲಾಟ ಹೆಚ್ಚುತ್ತದೆ. ಕ್ಯಾಂಬರ್ ಮತ್ತು ಕ್ಯಾಸ್ಟರ್‌ನಲ್ಲಿ ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿ, ಅಂದರೆ 30 ಮಿನಿಟ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಟೋ ತಿದ್ದಿ ಎಳೆತ ನಿಲ್ಲಿಸುವ ಪ್ರಯತ್ನಕ್ಕೆ ಒಪ್ಪಬೇಡಿ, ಬಾಗಿದ ಭಾಗ ಹುಡುಕಿಸಿ. ಸ್ಟ್ರಟ್‌ಗೆ ಸರಪಳಿ ಕಟ್ಟಿ ಎಳೆದು ಕ್ಯಾಂಬರ್ ‘ಕೂರಿಸುವುದು’ ಹಲವೆಡೆ ನಡೆಯುತ್ತದೆ. ಬಾಗಿದ ಕಬ್ಬಿಣವನ್ನು ಮತ್ತೆ ಬಾಗಿಸಿದರೆ ಬಲ ಕಳೆದುಕೊಳ್ಳುತ್ತದೆ, ಅದಕ್ಕೆ ಒಪ್ಪಲೇಬೇಡಿ.

ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಎಳೆದರೆ?

ಎಡಬಲದ ಡ್ರೈವ್ ಶಾಫ್ಟ್‌ಗಳ ಉದ್ದ ಬೇರೆ ಇರುವ ಕಾರುಗಳಲ್ಲಿ ಸ್ವಲ್ಪ ಎಳೆತ ಸಹಜ, ಡೀಸೆಲ್ ಕಾರುಗಳಲ್ಲಿ ಇನ್ನೂ ಹೆಚ್ಚು. ಇತ್ತೀಚೆಗೆ ಜಾಸ್ತಿಯಾಗಿದ್ದರೆ ಎಂಜಿನ್ ಮೌಂಟ್ ಮತ್ತು ಲೋಯರ್ ಆರ್ಮ್ ಬುಷ್ ನೋಡಿಸಿ.

ಬೊಲೆರೊ, ಓಮ್ನಿ ಇದ್ದವರು ಏನು ನೋಡಬೇಕು?

ಹಿಂದೆ ಪ್ಲೇಟ್ ಸ್ಪ್ರಿಂಗ್ ಇರುವುದರಿಂದ ಹುಡುಕಾಟ ಅಲ್ಲಿಂದಲೇ ಶುರುವಾಗಲಿ: ಶ್ಯಾಕಲ್ (ಸ್ಪ್ರಿಂಗ್ ತುದಿಯ ಕೊಂಡಿ) ಬುಷ್, ಯು ಬೋಲ್ಟ್‌ನ ಬಿಗಿ, ಪ್ಲೇಟ್‌ಗಳ ನಡುವಿನ ಸೆಂಟರ್ ಬೋಲ್ಟ್. ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಬದಿಯಲ್ಲಿ ಹಿಂದೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಒಂದು ಬದಿಯ ಪ್ಲೇಟ್ ಮುರಿದಿದ್ದರೂ ಗಾಡಿ ವಾಲಿ ಎಳೆಯುತ್ತದೆ.

ಸರಿಮಾಡಿಸುವವರೆಗೆ ಓಡಿಸಬಹುದೇ?

ಬುಷ್ ಸವೆದಿದ್ದರೆ ನಿಧಾನವಾಗಿ, ಗ್ಯಾರೇಜ್‌ವರೆಗೆ ಓಡಿಸಬಹುದು. ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್‌ನಲ್ಲಿ ಕಣ್ಣಿಗೆ ಕಾಣುವ ಆಟ ಇದ್ದರೆ ಓಡಿಸಬೇಡಿ. ಅದು ಕಳಚಿದರೆ ಚಕ್ರ ಒಂದು ಕಡೆಗೆ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ತಿರುಗಿಸಿ ಏನೂ ಪ್ರಯೋಜನವಾಗುವುದಿಲ್ಲ. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಅಂಥ ಕಾರು ಇಳಿಸುವ ಯೋಚನೆಯೇ ಬೇಡ, ಟೋಯಿಂಗ್ ಗಾಡಿ ಕರೆಸಿ.

ಕೆಲಸ ಮುಗಿಸಿ 500 ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳು, ಟೈ ರಾಡ್‌ನ ಲಾಕ್ ನಟ್, ಸ್ಟ್ರಟ್‌ನ ಎರಡು ಬೋಲ್ಟ್ ಇವನ್ನು ಟಾರ್ಕ್ ವ್ರೆಂಚ್‌ನಿಂದ ಒಮ್ಮೆ ನೋಡಿಸಿ. ಚಕ್ರದ ನಟ್‌ಗೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಖರ ಅಂಕಿ ನಿಮ್ಮ ಮ್ಯಾನುಯಲ್‌ನಲ್ಲಿದೆ.